ಗಾಡಿ ಮಾರಿದರೆ ಅಪ್ಪನನ್ನು ಬಿಟ್ಟುಕೊಟ್ಟಂತಲ್ಲ

ಪ್ರಶ್ನೆ: ನಾನು ಲೋಕಾಪುರದವನು, ವಯಸ್ಸು 34. ಅಪ್ಪ 2014ರಲ್ಲಿ ಸಾಲ ಮಾಡಿ ಹತ್ತು ಗಾಲಿಯ ಲಾರಿ ತಂದಿದ್ದರು. ಸುಣ್ಣದ ಕಲ್ಲು, ಸಿಮೆಂಟು, ಹಂಗಾಮಿನಲ್ಲಿ ಕಬ್ಬು ಹೇರಿ ಅದೇ ಗಾಡಿ ನಮ್ಮನ್ನೆಲ್ಲ ಸಾಕಿತು. ಸಾಲ ತೀರಿದೆ. ಅಪ್ಪ ತೀರಿಕೊಂಡು ಎರಡು ವರ್ಷ ಆಯಿತು. ಈಗ ಬಾಡಿಗೆಗಿಂತ ರಿಪೇರಿಯೇ ಹೆಚ್ಚು. ಶೋರೂಮಿಗೆ ಎಕ್ಸ್‌ಚೇಂಜ್ ಕೊಟ್ಟು ಸಣ್ಣ ಗಾಡಿ ತರೋಣ ಅಂತಾನೆ ತಮ್ಮ. ಅಲ್ಲಿ ಆರೂವರೆ ಲಕ್ಷ ಹೇಳಿದ್ದಾರೆ. ಮುಧೋಳದವರೊಬ್ಬರು ಏಳೂವರೆ ಲಕ್ಷಕ್ಕೆ ಕೇಳಿದ್ದಾರೆ. ಆದರೆ ಅರ್ಧ ಈಗ ನಗದು, ಉಳಿದದ್ದು ಹಂಗಾಮು ಮುಗಿದ ಮೇಲೆ, ಆರ್‌ಸಿ ಆಮೇಲೆ ನೋಡೋಣ ಅಂತಾರೆ. ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲೇ ಇದೆ, ತೆಗೆಸಲು ಮನಸ್ಸು ಬರುತ್ತಿಲ್ಲ. ಮಾರುವ ಮಾತು ಬಂದರೆ ಅವ್ವ ಎದ್ದು ಒಳಗೆ ಹೋಗುತ್ತಾಳೆ. ಕಡಿಮೆಗೆ ಕೊಟ್ಟರೆ ಅಪ್ಪನ ದುಡಿಮೆ ಹಾಳು ಮಾಡಿದೆ ಅನ್ನಿಸುತ್ತದೆ, ಹೆಚ್ಚಿಗೆ ಆಸೆಪಟ್ಟರೆ ಮೋಸ ಹೋಗುವ ಭಯ. ರಾತ್ರಿ ನಿದ್ದೆ ಇಲ್ಲ. ಹೆಸರು ಬೇಡ.

ಉತ್ತರ: ನಿಮ್ಮ ಸಂಕಟ ಸಹಜವಾದದ್ದು. ಹನ್ನೊಂದು ಖಂಡೇನವಮಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜಿಸಿದ ಗಾಡಿಯನ್ನು ಬರೀ ಕಬ್ಬಿಣ ಅನ್ನಲು ಯಾರಿಗೂ ಬಾಯಿ ಬಾರದು. ಅಪ್ಪ ಕೂತು ಸವೆಸಿದ ಸೀಟು, ಅವರ ಕೈ ತಾಗಿ ನುಣುಪಾದ ಗೇರ್ ಹಿಡಿ ಕಣ್ಣೆದುರೇ ಇರುವಾಗ ಬೆಲೆ ಮಾತಾಡುವುದು ಕಷ್ಟ. ನಿಮ್ಮ ಅವ್ವ ಒಳಗೆ ಹೋಗುವುದೂ ನಿಮ್ಮ ಮೇಲಿನ ಸಿಟ್ಟಿನಿಂದ ಇರಲಾರದು. ಆ ದುಃಖ ಅವರಲ್ಲಿ ಇನ್ನೂ ಆರಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಸಿಕ್ಕುಬಿದ್ದಿವೆ. ಎಕ್ಸ್‌ಚೇಂಜೋ ಹೊರಗಿನ ಮಾರಾಟವೋ ಎಂಬುದು ಹಣದ ಪ್ರಶ್ನೆ. ಅಪ್ಪನ ಹೆಸರು ತೆಗೆಸಬೇಕೋ ಬೇಡವೋ ಎಂಬುದು ಮನಸ್ಸಿನದು. ಮನಸ್ಸಿನದು ಇತ್ಯರ್ಥವಾಗದ ಕಾರಣಕ್ಕೇ ಹಣದ್ದು ರಾತ್ರಿಯಿಡೀ ಕಾಡುತ್ತಿದೆ.

ಅಪ್ಪನ ಹೆಸರು ಉಳಿಸಬೇಕೆಂದೇ ಆರ್‌ಸಿ ಮುಟ್ಟಿಲ್ಲ ನೀವು. ಆ ಹೆಸರಿನ ಗಾಡಿಯನ್ನು ಬೇರೆಯವರು ಓಡಿಸಿದರೆ ಏನಾಗುತ್ತದೆ ನೋಡಿ. ಗಾಡಿ ಮಾರಿದ್ದರೂ, ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ, ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ನಾಳೆ ಏನಾದರೂ ಆದರೆ ನೋಟಿಸು ಬರುವುದು ಅಪ್ಪನ ಹೆಸರಿಗೆ, ಉತ್ತರ ಕೊಡಬೇಕಾದವರು ನೀವು ಮತ್ತು ಅವ್ವ. ಹಾಗಾಗಿ ಆರ್‌ಸಿಯಿಂದ ಹೆಸರು ತೆಗೆಸುವುದು ಅಪ್ಪನನ್ನು ಮರೆಯುವ ಕೆಲಸವಲ್ಲ. ಅವರ ಹೆಸರಿಗೆ ಕಳಂಕ ತಟ್ಟದಂತೆ ಮಗ ಮಾಡಬೇಕಾದ ಕೆಲಸ ಅದು.

ಅಲ್ಲಿಂದಲೇ ಶುರು ಮಾಡಿ. ಮಾಲೀಕರು ತೀರಿಕೊಂಡರೆ 30 ದಿನದಲ್ಲಿ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ಅರ್ಜಿ ಕೊಡಬೇಕೆಂಬ ನಿಯಮವಿದೆ. ತಡವಾಗಿದ್ದಕ್ಕೆ ದಂಡ ಬೀಳಬಹುದು, ಆದರೆ ದಾರಿ ಮುಚ್ಚಿಲ್ಲ. ನೋಂದಣಿ ಕೆಎ-48 ಆಗಿದ್ದರೆ ಜಮಖಂಡಿ, ಕೆಎ-29 ಆಗಿದ್ದರೆ ಬಾಗಲಕೋಟೆ ಕಚೇರಿಗೆ ಹೋಗಿ. ಮರಣ ಪ್ರಮಾಣ ಪತ್ರ ಮತ್ತು ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಫೈನಾನ್ಸಿನವರ ಹೆಸರು ಉಳಿದಿರುವುದುಂಟು. ಹಾಗಿದ್ದರೆ ಅವರಿಂದ ಎನ್‌ಒಸಿ ಮತ್ತು ಫಾರ್ಮ್ 35 ಪಡೆದು ತೆಗೆಸಿ.

ಅವ್ವನ ಸಹಿ ಕೇಳುವ ಹೊತ್ತನ್ನು ಅವಸರದಲ್ಲಿ ಮುಗಿಸಬೇಡಿ. ತಮ್ಮನೂ ಜೊತೆಗಿರಲಿ. ಅವತ್ತು ಬೆಲೆಯ ಮಾತು ಬೇಡ. “ಅವ್ವಾ, ಅಪ್ಪನ ಹೆಸರಿನ ಮೇಲೆ ನಾಳೆ ಯಾರದೂ ಮಾತು ಬರಬಾರದು” ಎಂದಷ್ಟೇ ಹೇಳಿ. ಅತ್ತರೆ ಅಳಲಿ. ಕ್ಯಾಬಿನ್ನಿನ ದೇವರ ಫೋಟೊ ಮನೆಯಲ್ಲಿ ಇಟ್ಟುಕೊಳ್ಳೋಣವೇ ಎಂದು ಕೇಳಿ. ಎಲ್ಲವೂ ಕೈಬಿಟ್ಟು ಹೋಗುತ್ತಿಲ್ಲ ಎಂಬುದು ಅವರಿಗೂ ತಿಳಿಯಬೇಕು.

ಆಮೇಲೆ ಹಣದ ಲೆಕ್ಕ. ಶೋರೂಮಿನಲ್ಲಿ ಎರಡು ಕೊಟೇಶನ್ ಬರೆಸಿಕೊಳ್ಳಿ: ಹಳೆಯದನ್ನು ಕೊಟ್ಟರೆ ಹೊಸ ಗಾಡಿಗೆ ಕೈಯಿಂದ ಎಷ್ಟು ಹಾಕಬೇಕು, ಕೊಡದೆ ಕೊಂಡರೆ ಎಷ್ಟು. ಈ ಎರಡರ ನಡುವಿನ ಅಂತರವೇ ನಿಮ್ಮ ಲಾರಿಗೆ ಅವರು ನಿಜವಾಗಿ ಕಟ್ಟಿದ ಬೆಲೆ. ಹಳೆ ಗಾಡಿಗೆ ಹೆಚ್ಚು ತೋರಿಸಿ ಹೊಸದರ ರಿಯಾಯಿತಿ ಕಡಿಮೆ ಮಾಡಿದ್ದರೆ ಇಲ್ಲಿ ಗೊತ್ತಾಗುತ್ತದೆ. ಹೊರಗಿನ ಬೆಲೆಯಿಂದ ಬ್ರೋಕರ್ ಕಮಿಷನ್, ಎಫ್‌ಸಿ ಖರ್ಚು, ಕಾಯುವ ತಿಂಗಳುಗಳ ನಷ್ಟ ಕಳೆಯಿರಿ. ಒಂದು ಲಕ್ಷದ ವ್ಯತ್ಯಾಸದಲ್ಲಿ ಉಳಿಯುವುದೆಷ್ಟು ಎಂದು ಆಗ ಕಾಣುತ್ತದೆ.

ಬೆಲೆ ಇಳಿದಿರುವುದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಲಾರಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಹೊಸದು ಅಗ್ಗವಾದರೆ ಹಳೆಯದರ ಬೆಲೆಯೂ ಜಗ್ಗುತ್ತದೆ. ಹತ್ತು ಗಾಲಿಯ ಗಾಡಿಗೆ 15 ವರ್ಷ ದಾಟಿದ ಮೇಲೆ ನ್ಯಾಷನಲ್ ಪರ್ಮಿಟ್ ಸಿಗದು, ಕೊಳ್ಳುವವರು ಅದನ್ನೂ ಎಣಿಸುತ್ತಾರೆ. ಇದು ಮಾರುಕಟ್ಟೆಯ ಲೆಕ್ಕ. ಅಪ್ಪನ ದುಡಿಮೆ ಈ ಹನ್ನೊಂದು ವರ್ಷ ನಿಮ್ಮ ಮನೆಯ ಊಟವಾಗಿದೆ, ಅದನ್ನು ಯಾವ ಬೆಲೆಯೂ ಕಡಿಮೆ ಮಾಡಲಾರದು.

ಮುಧೋಳದವರನ್ನು ಮೋಸಗಾರರೆಂದು ನಾನು ಹೇಳುವುದಿಲ್ಲ. ಕಬ್ಬಿನ ಸೀಮೆಯಲ್ಲಿ ಬಿಲ್ಲು ಬಂದ ಮೇಲೆ ಕೊಡುತ್ತೇನೆ ಎನ್ನುವುದು ವಾಡಿಕೆಯ ಮಾತು. ಆದರೂ ಅವರು ಹೇಳಿದ ಷರತ್ತುಗಳಿಗೆ ಒಪ್ಪಬೇಡಿ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ, ದಂಡ ಬೀಳುವುದು ಪಡೆದವರ ಮೇಲೆ. ಪೂರ್ತಿ ಹಣ ಬ್ಯಾಂಕಿನ ಮೂಲಕ ಬರಲಿ, ಬೇಕಾದರೆ ಅವರು ಫೈನಾನ್ಸ್ ಮಾಡಿಸಿಕೊಳ್ಳಲಿ. ಗಾಡಿ ಕೊಟ್ಟ 14 ದಿನದೊಳಗೆ ಫಾರ್ಮ್ 29ರಲ್ಲಿ ಆರ್‌ಟಿಒಗೆ ತಿಳಿಸುವುದು ನಿಮ್ಮ ಕೆಲಸ. 30 ದಿನದೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡುವುದು ಅವರದು. ಬಾಂಡ್ ಪೇಪರ್ ಮೇಲಿನ ಕರಾರು ಇದಕ್ಕೆ ಬದಲಿಯಲ್ಲ.

ಅವರು ಇದಕ್ಕೆ ಒಪ್ಪಿದರೆ ಹೊರಗೇ ಮಾರಿ, ಹತ್ತಿಪ್ಪತ್ತು ಸಾವಿರ ಬಿಡಬೇಕಾದರೂ ಸರಿ. ಒಪ್ಪದಿದ್ದರೆ ತಮ್ಮನ ಮಾತಿನಂತೆ ಎಕ್ಸ್‌ಚೇಂಜ್ ಕೊಡಿ. ಅದು ಸೋಲಲ್ಲ. ಉಳಿದ ಅರ್ಧ ಹಣಕ್ಕಾಗಿ ಯಾರದೋ ಮನೆ ಬಾಗಿಲಿಗೆ ಅಲೆಯುವ ಸಂಕಟ ತಪ್ಪಿದರೆ ಅದೂ ಗಳಿಕೆಯೇ. ಅಲ್ಲಿಯೂ ಒಂದು ಎಚ್ಚರ: 2023ರ ಏಪ್ರಿಲ್ 1ರಿಂದ ಬಂದ ನಿಯಮದಂತೆ, ಆರ್‌ಟಿಒದಿಂದ ಅಧಿಕಾರ ಪಡೆದ ಹಳೆ ಗಾಡಿಗಳ ಡೀಲರಿಗೆ ವಾಹನ ಒಪ್ಪಿಸುವಾಗ ಫಾರ್ಮ್ 29ಸಿ ಸಲ್ಲಿಸಬೇಕು. ಅದರ ಸ್ವೀಕೃತಿ ಕೈಗೆ ಬರದೆ ಕೀಲಿ ಕೊಡಬೇಡಿ.

ಮನೆಯೊಳಗೆ ಪಾಲಿನ ತಕರಾರು ಎದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. 15100ಕ್ಕೆ ಕರೆ ಮಾಡಿದರೂ ಉಚಿತ ಸಲಹೆ ಸಿಗುತ್ತದೆ. ಇಷ್ಟೆಲ್ಲ ಆದ ಮೇಲೂ ನಿದ್ದೆ ಬಾರದೆ, ಕೆಲಸದಲ್ಲಿ ಮನಸ್ಸು ನಿಲ್ಲದೆ ಹೋದರೆ 14416, ಟೆಲಿ ಮಾನಸ್‌ಗೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಅವ್ವನಿಗೂ ಆ ನಂಬರು ಕೊಡಿ.

ಇದನ್ನು ಓದುತ್ತಿರುವ ಉಳಿದವರಲ್ಲೂ ಒಂದು ವಿನಂತಿ. ತೀರಿಕೊಂಡವರ ಹೆಸರಿನಲ್ಲೇ ಓಡುತ್ತಿರುವ ಲಾರಿ, ಟ್ರ್ಯಾಕ್ಟರು, ಬೈಕು ನಿಮ್ಮ ಮನೆಯಲ್ಲೂ ಇರಬಹುದು. ಮಾರುವ ಯೋಚನೆ ಇರಲಿ ಬಿಡಲಿ, ಈ ವಾರವೇ ಆರ್‌ಸಿ ತೆಗೆದು ನೋಡಿ, ಹೆಸರು ಬದಲಿಸಲು ಅರ್ಜಿ ಕೊಡಿ.