ಕಡಲ ತೀರದಲ್ಲಿ ಅಜ್ಜಿಯ ಕೈಗೆ ನಾಯಿಯ ಚೈನು ಕೊಡಬೇಡಿ

ರಜೆ ಶುರುವಾದರೆ ಸಾಕು, ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿ ಇಳಿದು ಬೆಂಗಳೂರು, ಮೈಸೂರು ಕಡೆಯ ಕಾರುಗಳು ಕರಾವಳಿಗೆ ಸಾಲುಗಟ್ಟುತ್ತವೆ. ಈಚೆಗೆ ಆ ಕಾರುಗಳಲ್ಲಿ ಅಜ್ಜಿ, ಮೊಮ್ಮಗುವಿನ ಜೊತೆ ಮನೆಯ ನಾಯಿಯೂ ಇರುತ್ತದೆ. ಹಿರಿಯರನ್ನು ನೆಂಟರ ಮನೆಯಲ್ಲಿ, ನಾಯಿಯನ್ನು ಬೋರ್ಡಿಂಗ್‌ನಲ್ಲಿ ಬಿಟ್ಟು ಬರುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಹೊರಡುವವರು ಐದಾರು ಜೀವಗಳಾದರೂ ತಯಾರಿ ಮಾತ್ರ ಗಂಡ ಹೆಂಡತಿ ಇಬ್ಬರೇ ಹೊರಟಾಗ ಮಾಡಿಕೊಳ್ಳುವಷ್ಟೇ ಇರುತ್ತದೆ. ಕಡಲ ಪಕ್ಕದಲ್ಲೇ ವಾಸಿಸುವ ನನ್ನಂಥವರು ಪ್ರತಿ ರಜೆಯಲ್ಲೂ ಅದರ ಫಲ ನೋಡುತ್ತೇವೆ. ಹಾಗಾಗಿ ಏನೇನು ಮಾಡಬೇಕೆಂದು ಹಂತ ಹಂತವಾಗಿ ಬರೆದಿದ್ದೇನೆ.

1. ದಿನ ಗೊತ್ತುಮಾಡಿ

ನವೆಂಬರ್ ಕೊನೆಯಿಂದ ಫೆಬ್ರುವರಿವರೆಗಿನ ದಿನಗಳು ಒಳ್ಳೆಯವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಮಾತೇ ಬೇಡ. ಏಪ್ರಿಲ್, ಮೇ ತಿಂಗಳ ಸೆಕೆಯನ್ನು ಹಿರಿಯರಾಗಲಿ ದಪ್ಪ ರೋಮದ ನಾಯಿಯಾಗಲಿ ತಡೆಯುವುದು ಕಷ್ಟ. ಆ ಹೊತ್ತಿಗೆ ದೂರದ ಸಾಗರದಲ್ಲೆದ್ದ ಉಬ್ಬರದ ಅಲೆಗಳು, ಇಲ್ಲಿ ಗಾಳಿಯೇ ಇಲ್ಲದಿದ್ದರೂ, ಏಕಾಏಕಿ ದಡಕ್ಕೆ ನುಗ್ಗುವುದುಂಟು. 'ಕಳ್ಳಕಡಲು' ಎನ್ನುವುದು ಇದನ್ನೇ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇಂಥ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಹಿಂದಿನ ದಿನ ಅದನ್ನು ನೋಡಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಉಬ್ಬರ ಇಳಿತ ಎರಡೂ ಜೋರು. ಮನೆಯ ಕ್ಯಾಲೆಂಡರ್ ನೋಡಿದರೆ ಇಷ್ಟು ತಿಳಿಯುತ್ತದೆ.

ಮಳೆಗಾಲ ಮುಗಿದರೆ ಕಡಲು ಸಾಧು ಎಂದುಕೊಳ್ಳಬೇಡಿ. ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದದ್ದು 2024ರ ಡಿಸೆಂಬರ್‌ನಲ್ಲಿ.

2. ಉಳಿಯುವ ಮನೆ ಆರಿಸುವಾಗ ಫೋಟೊ ನಂಬಬೇಡಿ

ಫೋನ್ ಮಾಡಿ. 'ನಾಯಿ ತರಬಹುದಾ?' ಎಂಬ ಒಂದೇ ಪ್ರಶ್ನೆಗೆ ಎಲ್ಲರೂ 'ಬನ್ನಿ' ಎನ್ನುತ್ತಾರೆ. ಕೇಳಬೇಕಾದದ್ದು ಬೇರೆಯೇ ಇದೆ:

• ಗೇಟಿನಿಂದ ಮರಳಿನವರೆಗೆ ನಡುವೆ ಏನೇನಿದೆ? ಮರವಂತೆಯಲ್ಲಿ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಕಡಲು, ನಡುವೆ ರಾಷ್ಟ್ರೀಯ ಹೆದ್ದಾರಿ 66. ನೋಡಲು ಅಷ್ಟು ಚೆಂದದ ಜಾಗ ಮತ್ತೊಂದಿಲ್ಲ. ಆದರೆ ಮಗುವನ್ನೂ ನಾಯಿಯನ್ನೂ ಹಿಡಿದುಕೊಂಡು ಆ ರಸ್ತೆ ದಾಟುವುದು ಹುಡುಗಾಟವಲ್ಲ.
• ಕಡಲ್ಕೊರೆತ ತಡೆಯಲು ಬಂಡೆ ಪೇರಿಸಿದ ಜಾಗವೇ? ಹಾಗಿದ್ದರೆ ಕಡಲು ಹತ್ತಿರವಿದ್ದರೂ ಅಜ್ಜಿ ಇಳಿಯಲಾರರು.
• ಮನೆಯವರ ಸ್ವಂತ ನಾಯಿ ಇದೆಯೇ, ಕಟ್ಟುತ್ತಾರೆಯೇ? ಕಾಂಪೌಂಡಿಗೆ ಗೇಟು ಇದೆಯೇ?
• ಕೋಣೆ ನೆಲ ಅಂತಸ್ತಿನಲ್ಲಿದೆಯೇ? ಕಮೋಡ್ ಇದೆಯೇ? ಬಚ್ಚಲಿನ ನೆಲ ಜಾರುತ್ತದೆಯೇ?
• ಕರೆಂಟು ಹೋದರೆ ಫ್ಯಾನ್ ತಿರುಗುತ್ತದೆಯೇ?

ಸ್ವಚ್ಛ, ಸುರಕ್ಷಿತ ತೀರಗಳಿಗೆ ಸಿಗುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಲ್ಲಿ ಶೌಚಾಲಯ, ಸ್ನಾನದ ವ್ಯವಸ್ಥೆ ಇದೆ, ಜೀವರಕ್ಷಕರೂ ಇದ್ದಾರೆ. ಮಗುವಿಗೂ ಅಜ್ಜಿಗೂ ಹೇಳಿಮಾಡಿಸಿದ ಜಾಗಗಳು. ಆದರೆ ಬ್ಲೂ ಫ್ಲ್ಯಾಗ್ ನಿಯಮದ ಪ್ರಕಾರ ಸಾಕುಪ್ರಾಣಿಗಳಿಗೆ ಅಲ್ಲಿ ನಿರ್ಬಂಧವಿರುತ್ತದೆ. ನನ್ನ ಸಲಹೆ ಇಷ್ಟೇ: ಜನ ಕಡಿಮೆ ಇರುವ ತೀರದ ಬಳಿ ಉಳಿದುಕೊಳ್ಳಿ, ಒಂದು ಬೆಳಗ್ಗೆ ಮಾತ್ರ ನಾಯಿಯನ್ನು ಕೋಣೆಯಲ್ಲಿ ಒಬ್ಬರ ಜೊತೆ ಬಿಟ್ಟು ಉಳಿದವರು ಬ್ಲೂ ಫ್ಲ್ಯಾಗ್ ತೀರಕ್ಕೆ ಹೋಗಿಬನ್ನಿ. ಮನೆಯ ಹಿರಿಯರಿಗೆ ಹೃದ್ರೋಗವಿದ್ದರೆ ಮಂಗಳೂರಿನಿಂದ ಕುಂದಾಪುರದವರೆಗಿನ ಪಟ್ಟಿಯನ್ನೇ ಆರಿಸಿಕೊಳ್ಳಿ, ಮಣಿಪಾಲ, ಮಂಗಳೂರಿನ ದೊಡ್ಡ ಆಸ್ಪತ್ರೆಗಳು ಕೈಗೆಟುಕುತ್ತವೆ. ಉತ್ತರ ಕನ್ನಡ ಜಿಲ್ಲೆಯ ಜನ ಅಂಥದೊಂದು ಆಸ್ಪತ್ರೆಗಾಗಿ ವರ್ಷಗಳಿಂದ ಹೋರಾಡುತ್ತಲೇ ಇದ್ದಾರೆ.

3. ಎರಡು ವಾರ ಮೊದಲೇ ವೈದ್ಯರನ್ನು ಕಾಣಿ

ನಾಯಿಗೆ ರೇಬಿಸ್ ಲಸಿಕೆ, ಇಲಿಜ್ವರವೂ ಸೇರಿದ ಲಸಿಕೆ, ಜಂತುಹುಳದ ಮಾತ್ರೆ, ಉಣ್ಣೆ ತಡೆಯುವ ಔಷಧಿ ಆಗಿರಬೇಕು. ಜಂತಿನ ಮಾತ್ರೆಯನ್ನು ಉಪೇಕ್ಷಿಸಬೇಡಿ. ನಾಯಿಯ ಮಲದಿಂದ ಮರಳಿಗೆ ಸೇರುವ ಕೊಕ್ಕೆಹುಳದ ಮರಿಗಳು ಬರಿಗಾಲಿನ ಮಗುವಿನ ಚರ್ಮದೊಳಗೆ ಹೊಕ್ಕು, ತುರಿಸುವ ಕೆಂಪು ಗೆರೆಗಳಾಗಿ ಹರಿದಾಡುತ್ತವೆ. ತೀರದಲ್ಲಿ ನಾಯಿ ಹೊಲಸು ಮಾಡಿದರೆ ಚೀಲದಲ್ಲಿ ಎತ್ತಿಕೊಂಡು ಬರಬೇಕಾದದ್ದು ಇದಕ್ಕೇ. ಮರಳು ಮುಚ್ಚಿದರೆ ಸಾಲದು.

ಅಜ್ಜಿ ಬಿಪಿಗೆ 'ನೀರಿನ ಮಾತ್ರೆ' ತೆಗೆದುಕೊಳ್ಳುತ್ತಿದ್ದರೆ, ಸೆಕೆಯಲ್ಲಿ ಏನು ಮಾಡಬೇಕೆಂದು ವೈದ್ಯರನ್ನು ಕೇಳಿ. ಬೆವರು, ಮಾತ್ರೆ ಎರಡೂ ಸೇರಿ ಮೈಯ ನೀರು ಬೇಗ ಇಳಿಯುತ್ತದೆ. ಎಷ್ಟೋ ಹಿರಿಯರಿಗೆ ಬಾಯಾರಿಕೆ ತಿಳಿಯುವುದೇ ಇಲ್ಲ. ಸಕ್ಕರೆ ಕಾಯಿಲೆಯಿದ್ದರೆ ಇನ್ಸುಲಿನ್ ಅನ್ನು ಕಾರಿನಲ್ಲಿ ಬಿಡಬೇಡಿ, ಐಸಿಗೆ ನೇರ ತಾಗಿಸಲೂ ಬೇಡಿ. ಎರಡರಿಂದಲೂ ಅದು ಕೆಡುತ್ತದೆ. ಕಾಲಿನ ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಸುಡುವ ಮರಳೂ ಗೊತ್ತಾಗದು, ಮುರಿದ ಚಿಪ್ಪು ಕೊಯ್ದದ್ದೂ ಗೊತ್ತಾಗದು. ತೀರದಲ್ಲೂ ಚಪ್ಪಲಿ ಬಿಡುವುದು ಬೇಡ. ಸಂಜೆ ಪಾದವನ್ನು ತಿರುಗಿಸಿ ನೋಡುವ ಕೆಲಸ ಮಗ ಮಗಳದು.

4. ಘಾಟಿ ಇಳಿಯುವಾಗ

ಹೊರಡುವ ಮೂರು ಗಂಟೆ ಮೊದಲು ನಾಯಿಗೆ ಊಟ ನಿಲ್ಲಿಸಿ. ಆಗುಂಬೆಯ ತಿರುವುಗಳಲ್ಲಿ ಮಗುವೂ ವಾಂತಿ ಮಾಡುತ್ತದೆ, ನಾಯಿಯೂ ಮಾಡುತ್ತದೆ. ಇಂಥ ಕುಟುಂಬಕ್ಕೆ ಶಿರಾಡಿಯೇ ವಾಸಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ. ಮಂಗಗಳಿರುವ ಕಡೆ ಗಾಜು ಇಳಿಸಬೇಡಿ. ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನ ಕಾಡುಗಳಲ್ಲಿ ಮಂಗನ ಕಾಯಿಲೆ ಹರಡುವ ಉಣ್ಣೆಗಳ ಕಾಲ. 1957ರಲ್ಲಿ ಅದು ಮೊದಲು ಪತ್ತೆಯಾದದ್ದೇ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ನಾಯಿಯನ್ನು 'ಒಂದಕ್ಕೆ' ಬಿಡಲು ತರಗೆಲೆ ತುಂಬಿದ ಕಾಡಿನೊಳಗೆ ಹೋಗದೆ, ಊರು ಸಿಕ್ಕಲ್ಲಿ ನಿಲ್ಲಿಸಿ.

ರೈಲಿನಲ್ಲಿ ಬರುವವರಿಗೆ ಒಂದು ಮಾತು: ಎಸಿ ಫಸ್ಟ್ ಕ್ಲಾಸಿನ ಇಡೀ ಕೂಪೆ ಅಥವಾ ಕ್ಯಾಬಿನ್ ನಿಮ್ಮದಾಗಿದ್ದರೆ ಮಾತ್ರ ನಾಯಿ ಜೊತೆಗಿರಬಹುದು. ಇಲ್ಲವಾದರೆ ಅದು ಬ್ರೇಕ್‌ವ್ಯಾನಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ ಪ್ರಯಾಣ ಮಾಡಬೇಕು. ಹಾಗೆ ಕರೆತರುವುದು ನನಗಂತೂ ಸರಿಕಾಣದು.

5. ಯಾರ ಮೇಲೆ ಯಾರ ಕಣ್ಣು?

ಇದು ಈ ಲೇಖನದ ಮುಖ್ಯ ಭಾಗ. ಉಳಿದದ್ದು ಮರೆತರೂ ಇದನ್ನು ಮರೆಯಬೇಡಿ.

ಸಂಜೆ ತೀರಕ್ಕೆ ಹೋದರೆ ಕಾಣುವ ನೋಟ ಇದು. ಮರಳಿನ ಮೇಲೆ ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ಅಜ್ಜಿ. ಮಡಿಲಲ್ಲಿ ಎಲ್ಲರ ಮೊಬೈಲು, ಕಾರಿನ ಕೀ, ಮೊಮ್ಮಗುವಿನ ಪುಟ್ಟ ಚಪ್ಪಲಿ. ಬಲಗೈ ಮಣಿಕಟ್ಟಿಗೆ ನಾಯಿಯ ಚೈನು ಎರಡು ಸುತ್ತು. ಹತ್ತು ಹೆಜ್ಜೆ ದೂರದಲ್ಲಿ ಮಗು ಬಕೆಟ್ ಹಿಡಿದು ನೀರಿನಂಚಿಗೆ ಓಡಾಡುತ್ತಿದೆ. ಅಪ್ಪ ಅಮ್ಮ ಸೊಂಟಮಟ್ಟದ ನೀರಿನಲ್ಲಿದ್ದಾರೆ. ಹೋಗುವಾಗ 'ಅತ್ತೆ, ಸ್ವಲ್ಪ ನೋಡ್ಕೊಳ್ಳಿ, ಈಗ ಬಂದ್ವಿ' ಎಂದಿದ್ದಾರೆ.

ಅಷ್ಟರಲ್ಲಿ ಬಿಲದಿಂದ ಏಡಿಯೊಂದು ಎದ್ದು ಓಡುತ್ತದೆ. ಇಪ್ಪತ್ತೈದು ಮೂವತ್ತು ಕಿಲೋ ತೂಕದ ಲ್ಯಾಬ್ರಡಾರ್ ಒಮ್ಮೆ ಜಗ್ಗಿದರೆ ಎಪ್ಪತ್ತರ ಅಜ್ಜಿ ಕುರ್ಚಿ ಸಮೇತ ಮಗುಚುತ್ತಾರೆ. ಮಣಿಕಟ್ಟಿಗೆ ಸುತ್ತಿದ ಚೈನು ಬಿಡಿಸಿಕೊಳ್ಳಲೂ ಆಗುವುದಿಲ್ಲ. ಮೂಳೆ ಸವೆದ ಆ ವಯಸ್ಸಿನಲ್ಲಿ ಸೊಂಟದ ಕೀಲು ಮುರಿದರೆ ಆಪರೇಷನ್, ತಿಂಗಳುಗಟ್ಟಲೆ ಆರೈಕೆ. ಎಷ್ಟೋ ಹಿರಿಯರು ಮತ್ತೆ ಮೊದಲಿನಂತೆ ನಡೆಯುವುದೇ ಇಲ್ಲ. ಅದೇ ಗಳಿಗೆಯಲ್ಲಿ ಎಲ್ಲರ ಕಣ್ಣೂ ಬಿದ್ದ ಅಜ್ಜಿಯ ಮೇಲೆ, ಮಗುವಿನ ಮೇಲೆ ಯಾರದೂ ಇಲ್ಲ. ಮಗು ನೀರಿನಲ್ಲಿ ಮುಳುಗುವಾಗ ಕೂಗುವುದಿಲ್ಲ, ಕೈ ಬಡಿಯುವುದಿಲ್ಲ. ಸದ್ದೇ ಆಗುವುದಿಲ್ಲ.

ಅಜ್ಜಿಗೆ ಪ್ರೀತಿಯಿದೆ, ಜವಾಬ್ದಾರಿಯೂ ಇದೆ. ಇಲ್ಲದಿರುವುದು ಓಡುವ ಕಾಲು. ಮರಳಿನಲ್ಲಿ ಎದ್ದು ನಿಲ್ಲಲೇ ಅವರಿಗೆ ಅರ್ಧ ನಿಮಿಷ ಬೇಕು. ಅಂಥವರಿಗೆ ಎರಡೆರಡು ಕಾವಲು ವಹಿಸಿ ನಾವು ನೀರಿಗಿಳಿಯುವುದು ಅನ್ಯಾಯ. ಅವರೂ ರಜೆಗೆಂದೇ ಬಂದವರು.

ಹಾಗಾಗಿ ಹೀಗೆ ಮಾಡಿ:

ಅ. ಮನೆಯಿಂದ ಹೊರಡುವ ಮೊದಲೇ ಹೆಸರು ಹಿಡಿದು ಹಂಚಿಕೊಳ್ಳಿ. ಮಗುವಿಗೆ ಒಬ್ಬರು, ನಾಯಿಗೆ ಒಬ್ಬರು. 'ಎಲ್ಲರೂ ನೋಡ್ಕೊಳ್ಳೋಣ' ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ.
ಆ. ಮಗುವಿನ ಪಾಳಿಯವರ ಕೈಯಲ್ಲಿ ಮೊಬೈಲ್ ಇರಕೂಡದು. ಫೋಟೊ ಬೇಕಾದರೆ ಇನ್ನೊಬ್ಬರು ತೆಗೆಯಲಿ. ಮಗು ನೀರಿನಂಚಿನಲ್ಲಿದ್ದರೆ ಅವರು ಕೈಗೆ ಸಿಗುವಷ್ಟು ಹತ್ತಿರ, ಕಡಲಿನ ಬದಿಗೆ ನಿಂತಿರಬೇಕು.
ಇ. ಪಾಳಿ ಬದಲಿಸುವಾಗ ಬಾಯಿಬಿಟ್ಟು ಹೇಳಿ: 'ಈಗಿಂದ ಪಾಪು ನಿಂದು.' 'ಸರಿ, ನಂದು' ಎಂಬ ಉತ್ತರ ಕೇಳಿಸಿದ ಮೇಲೆಯೇ ಜಾಗ ಬಿಡಿ.
ಈ. ದೊಡ್ಡವರು ಇಬ್ಬರೇ ಇದ್ದರೆ ಇಬ್ಬರೂ ಒಟ್ಟಿಗೆ ನೀರಿಗಿಳಿಯುವಂತಿಲ್ಲ. ಒಟ್ಟಿಗೆ ಇಳಿಯಲೇಬೇಕೆಂದರೆ ನಾಯಿ ಕೋಣೆಯಲ್ಲಿ, ಮಗು ನಿಮ್ಮಲ್ಲೊಬ್ಬರ ಕಂಕುಳಲ್ಲಿ. ಸಾಧ್ಯವಿದ್ದರೆ ತಮ್ಮನನ್ನೋ ನಾದಿನಿಯನ್ನೋ ಕರೆದುಕೊಂಡು ಬನ್ನಿ.
ಉ. ನಾಯಿಯ ಚೈನನ್ನು ಅಜ್ಜಿಯ ಕೈಗೂ ಕೊಡಬೇಡಿ, ಅಜ್ಜಿ ಕೂತ ಕುರ್ಚಿಗೂ ಕಟ್ಟಬೇಡಿ. ಯಾರೇ ಹಿಡಿಯಲಿ, ಮಣಿಕಟ್ಟಿಗೆ ಸುತ್ತುವುದು ಬೇಡ.

ಒಮ್ಮೆ ಹೀಗೆ ಹಂಚಿಕೊಂಡು ನೋಡಿ. ಅಜ್ಜಿ ನಿಶ್ಚಿಂತೆಯಿಂದ ಬೊಂಡದ ನೀರು ಕುಡಿಯುತ್ತಾ ಕೂರುತ್ತಾರೆ.

6. ಹೊತ್ತು ಮತ್ತು ನೀರು

ಬೆಳಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕೂವರೆಯ ಮೇಲೆ. ನಡುವಿನ ಹೊತ್ತು ಊಟಕ್ಕೆ, ನಿದ್ದೆಗೆ. ಅಂಗೈಯ ಹಿಂಬದಿಯನ್ನು ಮರಳಿಗೆ ಒತ್ತಿ ಏಳರವರೆಗೆ ಎಣಿಸಿ. ಅಷ್ಟು ಹೊತ್ತು ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ.

ನೊರೆಯೊಡೆಯುವ ಅಲೆಗಳ ನಡುವೆ ಒಂದು ಪಟ್ಟಿ ಮಾತ್ರ ಅಲೆಯಿಲ್ಲದೆ, ಬಣ್ಣ ತುಸು ಗಾಢವಾಗಿ ಕಾಣುತ್ತದೆ. ಹೊಸಬರು 'ಇಲ್ಲಿ ಶಾಂತವಾಗಿದೆ' ಎಂದು ಅಲ್ಲೇ ಇಳಿಯುತ್ತಾರೆ. ದಡಕ್ಕೆ ಬಂದ ನೀರು ಕಡಲಿಗೆ ವಾಪಸ್ ಓಡುವ ದಾರಿಯೇ ಅದು. ಸಿಕ್ಕಿಕೊಂಡರೆ ದಡದತ್ತ ಎದುರು ಈಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಸೆಳೆತ ತಪ್ಪಿಸಿಕೊಂಡು ಬನ್ನಿ. ನದಿ ಕಡಲು ಸೇರುವ ಅಳಿವೆಯ ಬಳಿ ಯಾವ ಕಾಲದಲ್ಲೂ ಇಳಿಯಬೇಡಿ. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಬರೀ ಕೆಂಪು ಇದ್ದರೆ ಅಂದು ಮರಳಾಟ ಸಾಕು.

ಗಾಳಿ ತುಂಬಿದ ಟ್ಯೂಬು ಮಗುವಿಗೆ ಬೇಡ. ಬೆಳಗಿನ ಹೊತ್ತು ಗಾಳಿ ನೆಲದಿಂದ ಕಡಲಿನತ್ತ ಬೀಸುತ್ತದೆ, ಟ್ಯೂಬನ್ನು ಗೊತ್ತಾಗದಂತೆ ಆಳಕ್ಕೆ ತಳ್ಳುತ್ತದೆ. ಅಳತೆಗೆ ಸರಿಯಾದ ಲೈಫ್ ಜಾಕೆಟ್ ತನ್ನಿ. ನೀಲಿ ಬಟ್ಟೆ ನೀರಿನಲ್ಲಿ ಕಾಣದು, ಕಿತ್ತಳೆ ಬಣ್ಣದ್ದು ಹಾಕಿ.

ನಾಯಿಗೆ ಕುಡಿಯುವ ನೀರನ್ನು ಆಗಾಗ ತಟ್ಟೆಗೆ ಹಾಕಿಕೊಡಿ. ಉಪ್ಪುನೀರು ಕುಡಿದರೆ ವಾಂತಿ, ಭೇದಿ ಶುರುವಾಗುತ್ತದೆ. ಹೆಚ್ಚಾದರೆ ತೂರಾಡುತ್ತದೆ, ಫಿಟ್ಸ್ ಬರುತ್ತದೆ. ಬಲೆಯಿಂದ ಎಸೆದ ಸತ್ತ ಮೀನು ತಿನ್ನಲು ಬಿಡಬೇಡಿ. ಚೆಂಡಿನಂತೆ ಉಬ್ಬುವ ಪಫರ್ ಮೀನಿನ ವಿಷ ಜೀವ ತೆಗೆಯಬಲ್ಲದು. ತೀರದ ನಾಯಿಗಳ ಗುಂಪು ಕಂಡರೆ ದಿಕ್ಕು ಬದಲಿಸಿ. ಕಚ್ಚಾಟದ ನಡುವೆ ಕೈ ಹಾಕಬೇಡಿ. ಹಲ್ಲು ತಾಗಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ರೇಬಿಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ. ಚಳಿಗಾಲದ ರಾತ್ರಿ ಕುಂದಾಪುರದ ಕೋಡಿ, ಕಾಸರಕೋಡಿನಂಥ ಕಡೆ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ, ಕತ್ತಲಾದ ಮೇಲೆ ನಾಯಿಯನ್ನು ಬಿಡಲೇಬಾರದು.

7. ದೇವಸ್ಥಾನ, ವಾಪಸಾತಿ

ಉಡುಪಿ, ಕೊಲ್ಲೂರಿಗೆ ಹೋಗುವಾಗ ನಾಯಿಯನ್ನು ಕಾರಿನಲ್ಲಿ ಬಿಟ್ಟು ದರ್ಶನಕ್ಕೆ ನಿಲ್ಲಬೇಡಿ. ಗಾಜು ತುಸು ಇಳಿಸಿದರೂ ಕಾರು ಕಾದ ಒಲೆಯಾಗುತ್ತದೆ. ಸರದಿಯಲ್ಲಿ ಹೋಗಿಬನ್ನಿ. ತುರ್ತಿಗೆ 108 ಮತ್ತು 112, ಹತ್ತಿರದ ಪಶುವೈದ್ಯರ ನಂಬರು ಮೊದಲೇ ಮೊಬೈಲಿನಲ್ಲಿರಲಿ. ಹೊರಡುವ ದಿನ ನಾಯಿಗೆ ಸಿಹಿನೀರಿನ ಸ್ನಾನ ಮಾಡಿಸಿ, ಕಿವಿ ಒರೆಸಿ, ಬೆರಳ ಸಂದಿ ನೋಡಿ. ಮನೆಗೆ ಬಂದ ಎರಡು ಮೂರು ವಾರದೊಳಗೆ ಯಾರಿಗಾದರೂ ಜ್ವರ ಬಂದರೆ, ಕರಾವಳಿಗೆ ಹೋಗಿದ್ದನ್ನೂ ಕಾಡುದಾರಿಯಲ್ಲಿ ಇಳಿದದ್ದನ್ನೂ ವೈದ್ಯರಿಗೆ ತಪ್ಪದೆ ತಿಳಿಸಿ.