ಸ್ಪ್ಯಾಮ್ ಗುಂಡಿ ಒತ್ತುವ ಮುನ್ನ

ಯಾವ ಇಮೇಲ್ ಕಸ, ಯಾವುದು ಅಲ್ಲ ಎಂದು ತೀರ್ಮಾನಿಸುವಾಗ ಇಮೇಲ್ ಸೇವೆಗಳು ಬಳಕೆದಾರರ ದೂರುಗಳನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ವಂಚಕರನ್ನು ತಡೆಯಲು ಇದು ಒಳ್ಳೆಯ ಉಪಾಯವೇ. ತೊಡಕು ಬರುವುದು ಬೇರೆ ಕಡೆ. ಎಂದೋ ತಾವೇ ವಿಳಾಸ ಕೊಟ್ಟು ತರಿಸಿಕೊಂಡ ಸುದ್ದಿಪತ್ರ ಬೇಸರ ತಂದಾಗ, ಅನೇಕರು ಕೈಗೆ ಸುಲಭವಾಗಿ ಸಿಗುವ ಸ್ಪ್ಯಾಮ್ ಗುಂಡಿಯನ್ನೇ ಒತ್ತಿಬಿಡುತ್ತಾರೆ.

ಆ ಒತ್ತು ಅವರೊಬ್ಬರ ಪೆಟ್ಟಿಗೆಗಷ್ಟೇ ಸೀಮಿತವಲ್ಲ. ಕಳುಹಿಸಿದವರ ಹೆಸರಿಗೇ ಕಪ್ಪು ಚುಕ್ಕೆಯಾಗುತ್ತದೆ. ಜಿಮೇಲ್‌ಗೆ ಪತ್ರ ಕಳುಹಿಸುವವರ ವಿರುದ್ಧ ಬರುವ ದೂರುಗಳು ಶೇ. 0.3ಕ್ಕಿಂತ ಕಡಿಮೆ ಇರಬೇಕೆಂಬ ಗೂಗಲ್‌ನ ನಿಯಮ 2024ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಅಂದರೆ ಸಾವಿರಕ್ಕೆ ಮೂರು ದೂರು ಬಂದರೂ ಮಿತಿ ತಪ್ಪಿದಂತೆ. ಆಮೇಲೆ ಆಸೆಯಿಂದ ಕಾಯುವ ಓದುಗರಿಗೂ ಅದೇ ಪತ್ರ ತಲುಪದೆ ಹೋಗಬಹುದು. ಹಣಬಲವಿಲ್ಲದ ಸಣ್ಣ ಪತ್ರಿಕೆಗಳಿಗೆ, ಸಂಘಸಂಸ್ಥೆಗಳಿಗೆ ಈ ಪೆಟ್ಟಿನಿಂದ ಚೇತರಿಸಿಕೊಳ್ಳುವುದು ಕಷ್ಟ.

ಗುರುತಿನವರ ಸುದ್ದಿಪತ್ರ ಬೇಡವಾದರೆ, ಅದರ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುವ ‘ಅನ್‌ಸಬ್‌ಸ್ಕ್ರೈಬ್’ ಕೊಂಡಿಯನ್ನು ಒತ್ತುವುದೇ ಸರಿಯಾದ ದಾರಿ. ಜಿಮೇಲ್ ಎಷ್ಟೋ ಸಲ ಅದನ್ನು ಕಳುಹಿಸಿದವರ ಹೆಸರಿನ ಪಕ್ಕದಲ್ಲೇ ತೋರಿಸುತ್ತದೆ. ಗುರುತೇ ಇಲ್ಲದವರ ಪತ್ರವಾದರೆ ಮಾತ್ರ ಒಳಗಿನ ಯಾವ ಕೊಂಡಿಯನ್ನೂ ಮುಟ್ಟಬಾರದು. ಸ್ಪ್ಯಾಮ್ ಗುಂಡಿ ಇರುವುದೇ ಅಂಥವರಿಗೆ.

ವಾರಕ್ಕೊಮ್ಮೆ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಕಣ್ಣಾಡಿಸುವುದೂ ಒಳ್ಳೆಯದು. ಬೇಕಾದ ಪತ್ರ ಅಲ್ಲಿದ್ದರೆ ‘ಸ್ಪ್ಯಾಮ್ ಅಲ್ಲ’ ಎಂದು ಗುರುತಿಸಿ, ಕಳುಹಿಸಿದವರ ವಿಳಾಸವನ್ನು ಸಂಪರ್ಕಪಟ್ಟಿಗೆ ಸೇರಿಸಿಕೊಳ್ಳಬೇಕು. ತಡಮಾಡುವಂತಿಲ್ಲ: ಜಿಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದದ್ದು 30 ದಿನ ಕಳೆದರೆ ತಾನಾಗಿ ಅಳಿಸಿಹೋಗುತ್ತದೆ.