ಮದ್ರಾಸಿನ ಅವಿಭಾಜ್ಯಗಳು, ನಿಮ್ಮ ಲ್ಯಾಪ್‌ಟಾಪ್: ಕೋಡಿಂಗ್‌ನಲ್ಲಿ ಗೆಲ್ಲಲು ಒಂಬತ್ತು ಸೂತ್ರಗಳು

ಓದಿಗೋ ಕೆಲಸಕ್ಕೋ ಚೆನ್ನೈಗೆ ಬಂದಿದ್ದೀರಿ. ಬೆಳಿಗ್ಗೆ ಕಾಲೇಜು ಅಥವಾ ಓಎಂಆರ್‌ನ ಆಫೀಸು, ರಾತ್ರಿ ಪಿಜಿ ರೂಮು. ಪೈಥಾನ್ ಬರುತ್ತದೆ, ರೆಸ್ಯೂಮೆಯಲ್ಲೂ ಹಾಕಿದ್ದೀರಿ. ಆದರೆ ಇಂಟರ್‌ವ್ಯೂನಲ್ಲಿ "ನೀವೇ ಮಾಡಿದ ಒಂದು ಪ್ರಾಜೆಕ್ಟ್ ಹೇಳಿ" ಅಂದರೆ, ಎಲ್ಲರೂ ಹೇಳುವ ಅಟೆಂಡೆನ್ಸ್ ಆ್ಯಪ್ ಬಿಟ್ಟು ಬೇರೇನೂ ನೆನಪಾಗುವುದಿಲ್ಲ. ಈ ತಿಂಗಳಲ್ಲೇ ಇದನ್ನು ಬದಲಿಸಿ. ನೀವಿರುವ ಊರಿನ ಗಣಿತದಲ್ಲೇ ಎರಡು ಪ್ರಾಜೆಕ್ಟ್‌ಗಳು ಸಿದ್ಧವಾಗಿವೆ: ರಾಮಾನುಜನ್ ಪ್ರೈಮ್ ಮತ್ತು ಪಿಳ್ಳೈ ಪ್ರೈಮ್. ಎರಡೂ ವಿಶೇಷ ಜಾತಿಯ ಅವಿಭಾಜ್ಯ ಸಂಖ್ಯೆಗಳು. ಒಂದು ಉಚಿತ ಲೈಬ್ರರಿ, ನಾಲ್ಕು ವಾರಾಂತ್ಯ, ಒಂದು ನೋಟ್‌ಬುಕ್ ಸಾಕು.

1. "ನನಗೆ ಮ್ಯಾಥ್ಸ್ ಬರಲ್ಲ" ಅನ್ನುವುದನ್ನು ಇವತ್ತೇ ನಿಲ್ಲಿಸಿ.

ಅದು ಸತ್ಯವಲ್ಲ, ಬರೀ ಅಭ್ಯಾಸ. ಶ್ರೀನಿವಾಸ ರಾಮಾನುಜನ್ ಎಫ್.ಎ. ಪರೀಕ್ಷೆಯಲ್ಲಿ ಫೇಲಾದವರು. 1912ರ ಮಾರ್ಚ್‌ನಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ಗುಮಾಸ್ತೆಯಾಗಿ ಸೇರಿದಾಗ ತಿಂಗಳ ಸಂಬಳ 30 ರೂಪಾಯಿ. ಮರುವರ್ಷ ಜನವರಿ 16ರಂದು ಅದೇ ಗುಮಾಸ್ತೆ ಕೇಂಬ್ರಿಡ್ಜ್‌ನ ಗಣಿತಜ್ಞ ಹಾರ್ಡಿಗೆ ಪತ್ರ ಬರೆದರು. ಮಾರ್ಕ್ಸ್ ಕಾರ್ಡ್ ನೋಡಿಕೊಂಡು ಕೂರಲಿಲ್ಲ. ನೀವೂ ಕೂರಬೇಡಿ.

2. ಮೊದಲು ವ್ಯಾಖ್ಯಾನವನ್ನು ಕೈಯಲ್ಲಿ ಬರೆಯಿರಿ. ಕೀಬೋರ್ಡ್ ಆಮೇಲೆ.

ವಿಶೇಷ ಅವಿಭಾಜ್ಯಗಳ ಕೋಡ್ ಕೆಡುವುದು ಹೆಚ್ಚಾಗಿ ಇಲ್ಲೇ. ರಾಮಾನುಜನ್ ಪ್ರೈಮ್ ನೋಡಿ. ಯಾವುದೇ ಒಂದು ಸಂಖ್ಯೆ ತೆಗೆದುಕೊಳ್ಳಿ. ಅದರ ಅರ್ಧ ದಾಟಿದ ಮೇಲೆ ಆ ಸಂಖ್ಯೆಯವರೆಗೆ ಎಷ್ಟು ಅವಿಭಾಜ್ಯಗಳಿವೆ ಎಂದು ಎಣಿಸಿ. ಯಾವ ಸಂಖ್ಯೆಯಿಂದ ಮುಂದಕ್ಕೆ ಈ ಎಣಿಕೆ ಎಂದೆಂದೂ 2ಕ್ಕಿಂತ ಕಡಿಮೆಯಾಗುವುದಿಲ್ಲವೋ ಅದು ಎರಡನೇ ರಾಮಾನುಜನ್ ಪ್ರೈಮ್. 3ಕ್ಕಿಂತ ಕಡಿಮೆಯಾಗದಿದ್ದರೆ ಮೂರನೆಯದು. ಹೀಗೇ ಮುಂದೆ.

ಆತುರದಲ್ಲಿ ಓದಿದವರು "ಎಂದೆಂದೂ" ಅನ್ನುವುದನ್ನು ಬಿಟ್ಟುಬಿಡುತ್ತಾರೆ. ಅವರ ಪ್ರೋಗ್ರಾಂ 3ರಲ್ಲೇ ನಿಲ್ಲುತ್ತದೆ. ಒಂದೂವರೆಯಿಂದ 3ರವರೆಗೆ 2 ಮತ್ತು 3 ಎಂಬ ಎರಡು ಅವಿಭಾಜ್ಯಗಳಿವೆಯಲ್ಲ! ಆದರೆ 10ಕ್ಕೆ ಬನ್ನಿ: 5 ದಾಟಿ 10ರವರೆಗೆ 7 ಒಂದೇ. ಎಣಿಕೆ ಮತ್ತೆ 1ಕ್ಕೆ ಇಳಿಯಿತು. ಸರಿಯಾದ ಉತ್ತರ 11. ಪಟ್ಟಿ ಹೀಗೆ ಸಾಗುತ್ತದೆ: 2, 11, 17, 29, 41, 47, 59, 67, 71, 97.

ಹಾಗಾದರೆ ಹುಡುಕುವುದನ್ನು ಎಲ್ಲಿ ನಿಲ್ಲಿಸಬೇಕು? "ಎಂದೆಂದೂ" ಅಂದರೆ ಅನಂತದವರೆಗೆ, ಕಂಪ್ಯೂಟರ್ ಅಷ್ಟು ದೂರ ಹೋಗಲಾರದು. ಇಲ್ಲಿ ಪ್ರಮೇಯ ಕೈಹಿಡಿಯುತ್ತದೆ. ಈ ಸಂಖ್ಯೆಗಳ ಬೇರು ರಾಮಾನುಜನ್ 1919ರಲ್ಲಿ ಇಂಡಿಯನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಜರ್ನಲ್‌ನಲ್ಲಿ ಬರೆದ ಎರಡು ಪುಟದ ಲೇಖನದಲ್ಲಿದೆ. ಗಣಿತಜ್ಞ ಜೊನಾಥನ್ ಸಾಂಡೋ ಅವಕ್ಕೆ ರಾಮಾನುಜನ್ ಹೆಸರಿಟ್ಟು ಅಧ್ಯಯನ ಮಾಡಿ, ಒಂದು ಮಿತಿಯನ್ನು ಊಹಿಸಿದರು. 2010ರಲ್ಲಿ ಶಾಂತಾ ಲೈಶ್ರಾಮ್ ಅದನ್ನು ಸಾಧಿಸಿ ತೋರಿಸಿದರು: ಎಷ್ಟನೇ ರಾಮಾನುಜನ್ ಪ್ರೈಮ್ ಬೇಕೋ ಅದರ ಮೂರು ಪಟ್ಟಿನ ಸ್ಥಾನದಲ್ಲಿರುವ ಅವಿಭಾಜ್ಯದವರೆಗೆ ನೋಡಿದರೆ ಸಾಕು. 100ನೆಯದು ಬೇಕೇ? 300ನೇ ಅವಿಭಾಜ್ಯ 1987. ಅಲ್ಲಿಗೆ ನಿಲ್ಲಿಸಿ. ಈ ಒಂದು ಸಾಲನ್ನು ಇಂಟರ್‌ವ್ಯೂನಲ್ಲಿ ವಿವರಿಸಬಲ್ಲವರು ಕಡಿಮೆ. ನೀವು ಅವರಲ್ಲೊಬ್ಬರಾಗಿ.

3. ಲೈಬ್ರರಿ ಬಳಸಲು ಸಂಕೋಚ ಬೇಡ.

ಪೈಥಾನ್‌ನ ಸಿಂಪೈ ಇನ್‌ಸ್ಟಾಲ್ ಮಾಡಿ. ಅದರ ಇಸ್‌ಪ್ರೈಮ್ ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಹೇಳುತ್ತದೆ. ಪ್ರೈಮ್‌ರೇಂಜ್ ಎರಡು ಮಿತಿಗಳ ನಡುವಿನ ಅವಿಭಾಜ್ಯಗಳನ್ನೆಲ್ಲ ಕೊಡುತ್ತದೆ. ಮೇಲಿನ ಮಿತಿ ಮಾತ್ರ ಪಟ್ಟಿಗೆ ಸೇರುವುದಿಲ್ಲ, ಇದನ್ನು ಗಮನದಲ್ಲಿಡಿ. ನೆಕ್ಸ್ಟ್‌ಪ್ರೈಮ್, ಪ್ರೈಮ್‌ಪೈ, ಫ್ಯಾಕ್ಟರ್‌ಇಂಟ್ ಈ ಮೂರನ್ನೂ ಕಲಿಯಿರಿ. ಮೂಲಭೂತ ಕೆಲಸ ಅದಕ್ಕೆ ಬಿಡಿ, ನಿಮ್ಮ ಬುದ್ಧಿ ವಿಶೇಷ ಷರತ್ತಿನ ಮೇಲಿರಲಿ.

ಹಿಂದಿನವರು ಕೂಡಿಟ್ಟದ್ದನ್ನು ಬಳಸುವುದು ಸಣ್ಣತನವಲ್ಲ. ಅಮೋಘವರ್ಷ ನೃಪತುಂಗನ ಕಾಲದ ನಮ್ಮ ಮಹಾವೀರಾಚಾರ್ಯ 9ನೇ ಶತಮಾನದಲ್ಲಿ ಗಣಿತಸಾರಸಂಗ್ರಹ ಬರೆದದ್ದೇ ಪೂರ್ವಸೂರಿಗಳ ಗಣಿತವನ್ನು ಸೋಸಿ, ತನ್ನದನ್ನೂ ಸೇರಿಸಿ. ಆ ಗ್ರಂಥ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾದದ್ದು ಇದೇ ಮದ್ರಾಸಿನ ಸರ್ಕಾರಿ ಮುದ್ರಣಾಲಯದಲ್ಲಿ, 1912ರಲ್ಲಿ. ರಾಮಾನುಜನ್ ಪೋರ್ಟ್ ಟ್ರಸ್ಟ್ ಸೇರಿದ ವರ್ಷವೂ ಅದೇ. ಕನ್ನಡ ನಾಡಿನ ಗಣಿತ ಈ ಊರಿನಿಂದ ಲೋಕಕ್ಕೆ ಹೋಗಿದೆ. ಈ ಊರಲ್ಲಿ ಗಣಿತ ಮಾಡಲು ನಿಮಗೆ ಪೂರ್ತಿ ಹಕ್ಕಿದೆ.

4. ಒಂದೇ ಟೆಸ್ಟನ್ನು ನಂಬಬೇಡಿ.

ಫರ್ಮಾ ಟೆಸ್ಟ್ ಗೊತ್ತಲ್ಲ? 2ನ್ನು, ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೇರಿಸಿ ಆ ಸಂಖ್ಯೆಯಿಂದಲೇ ಭಾಗಿಸಿ. ಶೇಷ 1 ಬಂದರೆ ಅವಿಭಾಜ್ಯ ಇರಬಹುದು. ಈಗ 1729 ಹಾಕಿ ನೋಡಿ. ಹೌದು, ರಾಮಾನುಜನ್‌ರನ್ನು ನೋಡಲು ಹಾರ್ಡಿ ಹತ್ತಿ ಬಂದ ಟ್ಯಾಕ್ಸಿಯ ನಂಬರೇ. ಶೇಷ 1 ಬರುತ್ತದೆ! ಆದರೆ 1729 ಅಂದರೆ 7 × 13 × 19. 2 ಒಂದೇ ಅಲ್ಲ, ತನ್ನೊಂದಿಗೆ ಸಾಮಾನ್ಯ ಅಪವರ್ತನವಿಲ್ಲದ ಯಾವ ಆಧಾರ ತೆಗೆದುಕೊಂಡರೂ ಹೀಗೇ ಮೋಸ ಮಾಡುವ ವಿಭಾಜ್ಯ ಸಂಖ್ಯೆಗೆ ಕಾರ್ಮೈಕೇಲ್ ಸಂಖ್ಯೆ ಎನ್ನುತ್ತಾರೆ. 561, 1105 ಆದಮೇಲೆ ಮೂರನೆಯದು ಇದು. ಮಿಲ್ಲರ್-ರಾಬಿನ್ ಟೆಸ್ಟ್ ಇದನ್ನು ಹಿಡಿಯುತ್ತದೆ. ಆದರೆ ಅದನ್ನೂ ಬರೀ 2ರ ಆಧಾರದಲ್ಲಿ ಓಡಿಸಿದರೆ 2047ರ ಹತ್ತಿರ ಮೋಸಹೋಗುತ್ತದೆ. ಅದು 23 × 89.

ಸಿಂಪೈನ ಇಸ್‌ಪ್ರೈಮ್ 2ರ 64ನೇ ಘಾತದವರೆಗೆ ಖಚಿತ ಉತ್ತರ ಕೊಡುತ್ತದೆ. ಅದಕ್ಕೂ ಮೇಲೆ ಬಳಸುವ ಟೆಸ್ಟ್ ತಪ್ಪಿದ ಉದಾಹರಣೆ ಯಾರಿಗೂ ಸಿಕ್ಕಿಲ್ಲ, ಆದರೆ ತಪ್ಪುವುದಿಲ್ಲ ಎಂಬ ಪುರಾವೆಯೂ ಇಲ್ಲ. ಈ ವ್ಯತ್ಯಾಸ ತಿಳಿದಿರಲಿ. 2048 ಬಿಟ್‌ನ ಆರ್‌ಎಸ್‌ಎ ಕೀಲಿಗೆ ಸುಮಾರು 308 ಅಂಕಿಯ ಎರಡು ಅವಿಭಾಜ್ಯಗಳು ಬೇಕು. ಸೆಕ್ಯುರಿಟಿ ಕೆಲಸಕ್ಕೆ ಹೋಗುವವರಿಗೆ ಇದು ದಿನದ ಅನ್ನ.

5. ಸಣ್ಣ ಸಂಖ್ಯೆಯನ್ನು ಕೈಯಲ್ಲೇ ಲೆಕ್ಕ ಮಾಡಿ.

ಈಗ ಎರಡನೇ ಪ್ರಾಜೆಕ್ಟ್. ಎಸ್.ಎಸ್. ಪಿಳ್ಳೈ 1901ರಲ್ಲಿ ತೆಂಕಾಶಿಯ ಹತ್ತಿರ ಹುಟ್ಟಿದವರು. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ, ಅಣ್ಣಾಮಲೈಯಲ್ಲಿ ಪಾಠ. ಸಂಖ್ಯಾಸಿದ್ಧಾಂತದ ವೇರಿಂಗ್ ಸಮಸ್ಯೆಯಲ್ಲಿ ಅವರ ಕೆಲಸ ಜಗತ್ತಿನ ಗಮನ ಸೆಳೆದಿತ್ತು. 1950ರ ಆಗಸ್ಟ್ 31ರಂದು ಅಮೆರಿಕಕ್ಕೆ ಹೊರಟ ಅವರ ವಿಮಾನ ಕೈರೋ ಬಳಿ ಬಿತ್ತು. ರಾಮಾನುಜನ್ ಹೆಸರು ಗೊತ್ತಿರುವವರಲ್ಲಿ ಹೆಚ್ಚಿನವರಿಗೆ ಇವರ ಹೆಸರು ಗೊತ್ತಿಲ್ಲ. ನಿಮ್ಮ ಪ್ರಾಜೆಕ್ಟ್ ಅದನ್ನು ನಾಲ್ಕು ಜನಕ್ಕೆ ತಿಳಿಸಲಿ.

ಅವರ ಹೆಸರಿನ ಅವಿಭಾಜ್ಯಕ್ಕೆ ಎರಡು ಷರತ್ತು. ಯಾವುದಾದರೂ ಒಂದು ಎನ್‌ಗೆ, ಎನ್ ಫ್ಯಾಕ್ಟೋರಿಯಲ್‌ಗೆ 1 ಕೂಡಿಸಿದ್ದು ಆ ಅವಿಭಾಜ್ಯದಿಂದ ಶೇಷವಿಲ್ಲದೆ ಭಾಗವಾಗಬೇಕು. ಆದರೆ ಅವಿಭಾಜ್ಯವನ್ನು ಅದೇ ಎನ್‌ನಿಂದ ಭಾಗಿಸಿದರೆ ಶೇಷ 1 ಬರಬಾರದು. ಎರಡನೇ ಷರತ್ತು ಯಾಕೆ? ವಿಲ್ಸನ್ ಪ್ರಮೇಯದ ಪ್ರಕಾರ ಎನ್ ಅನ್ನುವುದು ಅವಿಭಾಜ್ಯಕ್ಕಿಂತ ಒಂದೇ ಕಡಿಮೆ ಇದ್ದರೆ ಮೊದಲ ಷರತ್ತು ಯಾವಾಗಲೂ ಈಡೇರುತ್ತದೆ. ಆ ಪುಕ್ಕಟೆ ಉತ್ತರವನ್ನು ಹೊರಗಿಡಲು.

ಮೊದಲ ಪಿಳ್ಳೈ ಪ್ರೈಮ್ 23. 14 ಫ್ಯಾಕ್ಟೋರಿಯಲ್‌ಗೆ 1 ಕೂಡಿಸಿ: 87178291201. 23ರಿಂದ ಭಾಗಿಸಿ: 3790360487, ಶೇಷ ಇಲ್ಲ. 23ನ್ನು 14ರಿಂದ ಭಾಗಿಸಿದರೆ ಶೇಷ 9. ಪಾಸ್! ಕಾಗದದ ಮೇಲೆ ಒಮ್ಮೆ ಮಾಡಿ. ಕೋಡ್ ಬರೆಯುವಾಗ ಕೈ ತಡವರಿಸುವುದಿಲ್ಲ.

6. ಕೋಡ್ ಎಲ್ಲಿ ಮುರಿಯಬಹುದೋ ಅಲ್ಲೇ ಟೆಸ್ಟ್ ಇಡಿ.

ನನ್ನ ಮೆಚ್ಚಿನ ಟೆಸ್ಟ್ ಸಂಖ್ಯೆ 71. 7 ಫ್ಯಾಕ್ಟೋರಿಯಲ್ 5040. ಒಂದು ಕೂಡಿಸಿದರೆ 5041, ಅಂದರೆ 71 × 71. ಎಷ್ಟು ಚಂದ! ಮೊದಲ ಷರತ್ತು ಈಡೇರಿತು. ಆದರೆ 71ನ್ನು 7ರಿಂದ ಭಾಗಿಸಿದರೆ ಶೇಷ 1. ಎರಡನೇ ಷರತ್ತು ಬಿತ್ತು. ನಿಮ್ಮ ಲೂಪ್ ಮೊದಲ ಎನ್ ಸಿಕ್ಕ ಕೂಡಲೇ ಬ್ರೇಕ್ ಆಗುವಂತಿದ್ದರೆ 71 ಪಟ್ಟಿಯಿಂದ ಹೊರಬಿತ್ತು. ಇನ್ನೆರಡು ಹೆಜ್ಜೆ ಮುಂದೆ ಹೋಗಿ. 9 ಫ್ಯಾಕ್ಟೋರಿಯಲ್‌ಗೆ 1 ಕೂಡಿಸಿದರೆ 362881, ಅದು 71 × 5111. 71ನ್ನು 9ರಿಂದ ಭಾಗಿಸಿದರೆ ಶೇಷ 8. ಈಗ ಪಾಸ್.

100ರೊಳಗೆ ಪಿಳ್ಳೈ ಪ್ರೈಮ್‌ಗಳು ಎಂಟು: 23, 29, 59, 61, 67, 71, 79, 83. ನಿಮ್ಮ ಔಟ್‌ಪುಟ್ ಇದಕ್ಕೆ ಅಕ್ಷರಶಃ ಹೊಂದಬೇಕು. ಹೊಂದದಿದ್ದರೆ ಮುಂದಕ್ಕೆ ಹೋಗಬೇಡಿ. ಆಮೇಲೆ ಎರಡೂ ಪಟ್ಟಿಗಳ ಇಂಟರ್‌ಸೆಕ್ಷನ್ ತೆಗೆಯಿರಿ: 29, 59, 67, 71. ರಾಮಾನುಜನ್ ಮತ್ತು ಪಿಳ್ಳೈ ಇಬ್ಬರ ಹೆಸರನ್ನೂ ಹೊತ್ತ ಸಂಖ್ಯೆಗಳಿವು.

ಟೆಸ್ಟ್ ಪಾಸಾಯಿತೆಂದು ಅದನ್ನೇ ಪುರಾವೆ ಎಂದು ಬರೆಯಬೇಡಿ. ಹಾರ್ಡಿಗೆ ಬರೆದ ಪತ್ರದಲ್ಲಿ ಅವಿಭಾಜ್ಯಗಳ ಎಣಿಕೆಯ ಬಗ್ಗೆ ರಾಮಾನುಜನ್ ಹೇಳಿದ್ದು ಪೂರ್ತಿ ನಿಖರವಾಗಿರಲಿಲ್ಲ. ಸಣ್ಣ ಸಂಖ್ಯೆಗಳು ಅಂಥ ಮಹಾಪ್ರತಿಭೆಯನ್ನೂ ದಾರಿ ತಪ್ಪಿಸಬಲ್ಲವು.

7. ದೊಡ್ಡ ಸಂಖ್ಯೆ ಕಟ್ಟಬೇಡಿ, ಶೇಷ ಹಿಡಿದು ನಡೆಯಿರಿ.

100 ಫ್ಯಾಕ್ಟೋರಿಯಲ್‌ನಲ್ಲೇ 158 ಅಂಕಿಗಳಿವೆ, 1000ದಲ್ಲಿ 2568. ಇವನ್ನು ಪೂರ್ತಿ ಗುಣಿಸಿ ಆಮೇಲೆ ಭಾಗಿಸುವುದು ದಂಡ. ಪ್ರತಿ ಗುಣಾಕಾರ ಆದೊಡನೆ ಶೇಷ ತೆಗೆಯಿರಿ, ಆ ಶೇಷವನ್ನೇ ಮುಂದಿನ ಸಂಖ್ಯೆಯಿಂದ ಗುಣಿಸಿ. ಎನ್ ಅವಿಭಾಜ್ಯವನ್ನು ಮುಟ್ಟಿದಾಗ ನಿಲ್ಲಿಸಿ. ಅಲ್ಲಿಂದಾಚೆ ಫ್ಯಾಕ್ಟೋರಿಯಲ್ ಅದರಿಂದ ಪೂರ್ತಿ ಭಾಗವಾಗುವುದರಿಂದ, 1 ಕೂಡಿಸಿದ್ದು ಭಾಗವಾಗಲಾರದು.

ಇದಿಷ್ಟೇ ಮಾಡಿದರೆ ಒಂದು ಲಕ್ಷದೊಳಗಿನ 9592 ಅವಿಭಾಜ್ಯಗಳಿಗೆ ಹೆಚ್ಚೆಂದರೆ ಸುಮಾರು 45 ಕೋಟಿ ಗುಣಾಕಾರ. ಅರ್ಧ ಉಳಿಸುವ ಉಪಾಯ ಇಲ್ಲಿದೆ. 23ಕ್ಕೆ 18 ಫ್ಯಾಕ್ಟೋರಿಯಲ್ ನೋಡಬೇಕೇ? 18ಕ್ಕೆ ಜೋಡಿ 4, ಯಾಕೆಂದರೆ ಎರಡೂ ಸೇರಿದರೆ 22, ಅಂದರೆ 23ಕ್ಕಿಂತ ಒಂದು ಕಡಿಮೆ. 4 ಫ್ಯಾಕ್ಟೋರಿಯಲ್ 24, ಶೇಷ 1. ಚಿಕ್ಕ ಸಂಖ್ಯೆ ಸಮವಾಗಿದ್ದು ಅದರ ಫ್ಯಾಕ್ಟೋರಿಯಲ್‌ನ ಶೇಷ 1 ಆದರೆ, ದೊಡ್ಡ ಜೋಡಿ ಮೊದಲ ಷರತ್ತನ್ನು ಪಾಸಾದಂತೆಯೇ. ಚಿಕ್ಕದು ಬೆಸವಾಗಿದ್ದರೆ ಶೇಷ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಬರಬೇಕು. ಇದೂ ವಿಲ್ಸನ್ ಪ್ರಮೇಯದ ಫಲವೇ. ನೀವೇ ಸಾಧಿಸಿ ನೋಡಿ, ಐದು ಸಾಲು. ಹೀಗೆ ಅರ್ಧದವರೆಗೆ ನಡೆದು ಎರಡೂ ಬದಿ ಪರೀಕ್ಷಿಸಿ, ಎರಡೂ ಷರತ್ತು ದಾಟಿದ ಎನ್ ಸಿಕ್ಕ ಕೂಡಲೇ ಮುಂದಿನ ಅವಿಭಾಜ್ಯಕ್ಕೆ ಹೋಗಿ.

ಇನ್ನೂ ವೇಗ ಬೇಕೇ? ಆ ಲೂಪನ್ನು, ಪೈಥಾನ್ ಕೋಡಿನ ವೇಗ ಹೆಚ್ಚಿಸುವ ನಂಬಾ ಲೈಬ್ರರಿಗೆ ಕೊಡಿ. 64 ಬಿಟ್ ಪೂರ್ಣಾಂಕದಲ್ಲಿ 300 ಕೋಟಿವರೆಗಿನ ಅವಿಭಾಜ್ಯಕ್ಕೂ ಗುಣಲಬ್ಧ ಉಕ್ಕಿ ಹರಿಯುವುದಿಲ್ಲ. ವೇಗವನ್ನು ಮಾತ್ರ ಅಂದಾಜಿನಿಂದ ಹೇಳಬೇಡಿ. ಪ್ರತಿ ಬದಲಾವಣೆಯ ಮೊದಲು, ನಂತರ ಟೈಮ್ ಅಳೆದು ಬರೆದಿಡಿ.

8. ಜಾಗ ಬದಲಿಸಿ.

ಪಿಜಿ ರೂಮಿನ ಗಲಾಟೆಯಲ್ಲಿ ಪ್ರಮೇಯ ತಲೆಗೆ ಹತ್ತುವುದಿಲ್ಲ. ಕೊಟ್ಟೂರುಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯಕ್ಕೆ ಹೋಗಿ. ತರಮಣಿಯ ಇನ್‌ಸ್ಟಿಟ್ಯೂಟ್ ಆಫ್ ಮ್ಯಾಥಮ್ಯಾಟಿಕಲ್ ಸೈನ್ಸಸ್ 1962ರಿಂದ ಈ ಊರಲ್ಲಿದೆ. ಸಿರುಸೇರಿಯ ಐಟಿ ಪಾರ್ಕಿನಲ್ಲೇ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್ ಇದೆ. ಸಾರ್ವಜನಿಕ ಉಪನ್ಯಾಸ ಇದ್ದಾಗ ಹೋಗಿ ಕೂರಿ. ಅರ್ಥವಾಗದಿದ್ದರೂ ಒಂದು ಪ್ರಶ್ನೆ ಕೇಳಿ.

9. ತೋರಿಸಿ, ಆಮೇಲೆ ಕಷ್ಟದ ಪ್ರಶ್ನೆ ಎತ್ತಿಕೊಳ್ಳಿ.

ಕೋಡನ್ನು ಗಿಟ್‌ಹಬ್‌ಗೆ ಹಾಕಿ. ರೀಡ್‌ಮಿಯಲ್ಲಿ ವ್ಯಾಖ್ಯಾನ, 71ರ ಟೆಸ್ಟ್, ಟೈಮಿಂಗ್ ಈ ಮೂರು ಇರಲಿ. ಕನ್ನಡದಲ್ಲೂ ಒಂದು ಪ್ಯಾರಾ ಬರೆಯಿರಿ. ಊರಿನ ತಮ್ಮ ತಂಗಿಯರು ಓದಲಿ.

ನಂತರ ಆ 5041ಕ್ಕೆ ಹಿಂತಿರುಗಿ. ಫ್ಯಾಕ್ಟೋರಿಯಲ್‌ಗೆ 1 ಕೂಡಿಸಿದರೆ ಪೂರ್ಣವರ್ಗ ಬರುವುದು ಯಾವಾಗ ಎಂದು 19ನೇ ಶತಮಾನದಲ್ಲಿ ಬ್ರೊಕಾರ್ಡ್ ಕೇಳಿದ್ದರು, 1913ರಲ್ಲಿ ರಾಮಾನುಜನ್ ತಾವಾಗಿಯೇ ಕೇಳಿದರು. ಗೊತ್ತಿರುವ ಉತ್ತರ 4, 5, 7 ಮಾತ್ರ. ಬ್ರೂಸ್ ಬರ್ನ್ಟ್ ಮತ್ತು ವಿಲಿಯಂ ಗಾಲ್ವೇ 2000ದಲ್ಲಿ 100 ಕೋಟಿವರೆಗೆ ಹುಡುಕಿದರು, ನಾಲ್ಕನೆಯದು ಸಿಗಲಿಲ್ಲ. ನೀವು ಒಂದು ಲಕ್ಷದವರೆಗೆ ಮಾಡಿ. ನೆಕ್ಸ್ಟ್‌ಪ್ರೈಮ್‌ನಿಂದ ಲಕ್ಷ ದಾಟಿದ 40 ಅವಿಭಾಜ್ಯ ತೆಗೆದುಕೊಳ್ಳಿ. ಪ್ರತಿಯೊಂದರಲ್ಲೂ ಫ್ಯಾಕ್ಟೋರಿಯಲ್‌ನ ಶೇಷ ಹಿಡಿದು ನಡೆಯಿರಿ, 1 ಕೂಡಿಸಿ ಜಾಕೋಬಿ ಚಿಹ್ನೆ ನೋಡಿ, ಪೂರ್ಣವರ್ಗವೊಂದು ಆ ಶೇಷ ಕೊಡಬಲ್ಲದೇ ಎಂದು ಅದು ಹೇಳುತ್ತದೆ. ಒಂದರಲ್ಲಾದರೂ ಮೈನಸ್ 1 ಬಂದರೆ ಆ ಎನ್ ಪೂರ್ಣವರ್ಗ ಕೊಡಲಾರದು, ಹೊಡೆದುಹಾಕಿ. 4, 5, 7 ಬಿಟ್ಟು ಬೇರೇನಾದರೂ ಉಳಿದರೆ ಇನ್ನಷ್ಟು ಅವಿಭಾಜ್ಯ ಸೇರಿಸಿ ಮತ್ತೆ ಓಡಿಸಿ.